ಬದುವಿನ ಮೇಲಿನ ಎಣಿಕೆ

ಸವಣೂರಿನ ವೀಳ್ಯದೆಲೆ ಬಳ್ಳಿ ಬಲು ಮಡಿವಂತ ಎಂದು ತೋಟದವರ ನಂಬಿಕೆ. ಮುಟ್ಟಾದ ಹೆಂಗಸು ಒಳಗೆ ಕಾಲಿಟ್ಟರೆ ಬಳ್ಳಿ ಬಾಡುತ್ತದಂತೆ. ಬೀಡಿ ಹೊಗೆ, ಕೊಳೆತ ಗೊಬ್ಬರ, ಗಂಡಸರ ಬೈಗುಳ, ಇವೆಲ್ಲವನ್ನೂ ತಡೆದುಕೊಂಡು ಹಚ್ಚಗಿರುವ ಬಳ್ಳಿ ಇದೊಂದನ್ನು ಮಾತ್ರ ತಾಳುತ್ತಿರಲಿಲ್ಲ. ಹಾಗಾಗಿ ತಿಂಗಳಿಗೆ ನಾಲ್ಕು ದಿನ ಅಡಿವೆವ್ವ ತೋಟದ ಹೊರಗಿನ ಬದುವಿನ ಮೇಲೆ ಸುಮ್ಮನೆ ಕೂತಿರಬೇಕಾಗುತ್ತಿತ್ತು.

ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಹಾನಗಲ್ಲ ಕಡೆಯ ಗದ್ದೆ ಸೀಮೆಯವಳು, ಸಣ್ಣಂದಿನಿಂದಲೂ ಕಂಡದ್ದನ್ನೆಲ್ಲ ಯಾಕೆ, ಹೇಗೆ ಎಂದು ಕೇಳುವವಳು. ‘ಈಕಿನ್ನ ಮದುವಿ ಮಾಡಿ ಕಳಿಸಿದ ಮ್ಯಾಲ ನನ್ನ ಕಿವಿಗೆ ಸೂಟಿ ಸಿಕ್ಕೈತಿ’ ಎಂದು ಅವಳಪ್ಪ ನಗಾಡುತ್ತಿದ್ದ. ಬಳ್ಳಿಯನ್ನು ನುಗ್ಗೆ ಮರಕ್ಕೆ ಕಟ್ಟುವ ಬಾಳೆನಾರಿನ ತುಂಡೊಂದು ಒಮ್ಮೆ ಬದುವಿನ ಮೇಲೆ ಬಿದ್ದಿತ್ತು. ಬೇಸರಕ್ಕೆ ಅದನ್ನೆತ್ತಿಕೊಂಡು, ಆ ಹೊತ್ತಿನಿಂದ ದಿನಕ್ಕೊಂದು ಗಂಟು ಹಾಕತೊಡಗಿದಳು. ಹೊರಗೆ ಕೂತ ದಿನಕ್ಕೆ ದೊಡ್ಡ ಗಂಟು, ಉಳಿದ ದಿನಕ್ಕೆ ಸಣ್ಣದು. ನಾಲ್ಕು ತಿಂಗಳಾದ ಮೇಲೆ ನೋಡಿದರೆ ಒಂದು ದಿನ ಹಿಂದೆ, ಒಂದು ದಿನ ಮುಂದೆ, ದೊಡ್ಡ ಗಂಟು ಪ್ರತಿ ಸಲವೂ ಅಮಾವಾಸ್ಯೆಗೇ ಬಂದಿತ್ತು. ಇದರಿಂದೇನು ಲಾಭವೆಂದು ಅವಳಿಗೂ ಗೊತ್ತಿರಲಿಲ್ಲ. ತಿಳಿದುಕೊಂಡದ್ದಕ್ಕೆ ಖುಷಿಯಾಯಿತು, ಅಷ್ಟೆ.

ಸವಣೂರು ಇನ್ನೂ ನವಾಬರ ಸಂಸ್ಥಾನವಾಗಿದ್ದ, ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿದ್ದ ವರ್ಷಗಳವು. ಅಡಿವೆವ್ವ ಮಾರೆಪ್ಪನ ಮನೆಗೆ ಸೊಸೆಯಾಗಿ ನಡೆಯಲು ಬಂದು ಮೂರೂವರೆ ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಊರಲ್ಲಿ ಬಾಯಿದ್ದವರೆಲ್ಲ ವೈದ್ಯರಾದರು. ಒಬ್ಬರು ಬೇವಿನ ಚಿಗುರು ನುಂಗು ಎಂದರು, ಇನ್ನೊಬ್ಬರು ಅರಳಿ ಸುತ್ತು ಎಂದರು. ಮೈ ಕಾವೇರುತ್ತದೆಂದು ಅತ್ತೆ ಚೌಡವ್ವ ಸೊಸೆಗೆ ಊರಿನ ಹೆಸರುವಾಸಿ ಕುರುಕಲು ಖಾರಾ ತಿನ್ನುವುದನ್ನೇ ಬಿಡಿಸಿದಳು. ಸವಣೂರಿನಲ್ಲಿದ್ದು ಖಾರಾ ತಿನ್ನದೆ ಬದುಕುವುದು ಎಂಥ ಶಿಕ್ಷೆಯೆಂದು ಬಲ್ಲವರೇ ಬಲ್ಲರು!

ಎಲ್ಲಕ್ಕಿಂತ ದೊಡ್ಡ ಮದ್ದು ಹುಣ್ಣಿಮೆಯ ಹರಕೆ. ಮದುವೆಯ ಮೊದಲ ವರ್ಷ ಅಡಿವೆವ್ವ ಹಬ್ಬ, ಹುಣ್ಣಿಮೆಯೆಂದು ತವರಿನಲ್ಲಿ ಕಳೆದದ್ದೇ ಹೆಚ್ಚು. ಆದರೂ ವರ್ಷ ತುಂಬಿದ ದಿನವೇ ಚೌಡವ್ವ ಗುಡ್ಡದವ್ವನಿಗೆ ಹರಕೆ ಹೊತ್ತುಕೊಂಡಿದ್ದಳು: ಮೊಮ್ಮಗ ಹುಟ್ಟುವ ತನಕ ಮಗ ಪ್ರತಿ ಹುಣ್ಣಿಮೆಗೆ ನಡೆದು ಬಂದು ಕಾಯಿ ಒಡೆಸುತ್ತಾನೆ. ಗುಡ್ಡ ಶಿಗ್ಗಾಂವಿಯ ಆಚೆ, ಎರಡು ದಿನದ ದಾರಿ. ಏಕಾದಶಿ ಬಂತೆಂದರೆ ಮಾರೆಪ್ಪನಿಗೆ ಮಡಿ. ಒಪ್ಪತ್ತು ಊಟ, ತೋಟದ ಗುಡಿಸಲಿನಲ್ಲಿ ನಿದ್ದೆ, ಹೆಂಡತಿಯ ನೆರಳೂ ಸೋಕುವಂತಿಲ್ಲ. ಆಮೇಲೆ ನಡಿಗೆ. ಮನೆಗೆ ಮರಳುವಷ್ಟರಲ್ಲಿ ಹುಣ್ಣಿಮೆ ಕಳೆದು ಮೂರು ದಿನವಾಗಿರುತ್ತಿತ್ತು. ‘ನಿಮ್ಮ ಮಾವನೂ ಇದ ಹರಕಿ ನಡದಾರ. ಹಂಗ ಹುಟ್ಟಿದಾಂವ ಈ ಮಾರ್ಯಾ’ ಎಂದು ಚೌಡವ್ವ ದಿನಕ್ಕೊಮ್ಮೆ ಹೇಳುತ್ತಿದ್ದಳು.

ಅವಳು ಹೇಳದೆ ಬಿಡುತ್ತಿದ್ದ ಮಾತೊಂದಿತ್ತು. ಚೌಡವ್ವ ಆ ಮನೆಗೆ ಎರಡನೆಯವಳಾಗಿ ಬಂದವಳು. ಮೊದಲಿನವಳು ಶಾರವ್ವ. ಮಕ್ಕಳಾಗಲಿಲ್ಲವೆಂದು ಅವಳನ್ನು ತವರಿಗೆ ಅಟ್ಟಿದ್ದರು. ಈಗ ಅದೇ ಮಾತು ಅಡಿವೆವ್ವನ ತಲೆಯ ಮೇಲೆ ತೂಗುತ್ತಿತ್ತು. ಯುಗಾದಿಯೊಳಗೆ ಏನೂ ಆಗದಿದ್ದರೆ ಹಿರೇಕೆರೂರಿನಿಂದ ತಮ್ಮನ ಮಗಳು ಅನ್ನವ್ವನನ್ನು ತಂದುಕೊಳ್ಳುವುದೆಂದು ಚೌಡವ್ವ ನಿಶ್ಚಯಿಸಿದ್ದಳು. ಮಾರೆಪ್ಪ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಒಳ್ಳೆಯ ಮನುಷ್ಯ, ಆದರೆ ತಾಯಿಯ ಎದುರು ಬಾಯಿಗೆ ಬೀಗ. ಅಡಿವೆವ್ವನಿಗೆ ಗಂಡನ ಮೇಲೆ ಪ್ರೀತಿಯೂ ಇತ್ತು, ಈ ಮೌನಕ್ಕಾಗಿ ಹೊಟ್ಟೆ ತುಂಬ ಸಿಟ್ಟೂ ಇತ್ತು.

ಶ್ರಾವಣದ ಒಂದು ಬೆಳಿಗ್ಗೆ ಪಕ್ಕದ ಮನೆಯ ಕುಲಸುಮಬಿಯ ಎಮ್ಮೆ ಒಂದೇ ಸಮನೆ ಒದರತೊಡಗಿತು. ಕುಲಸುಮಬಿ ನಲವತ್ತು ವರ್ಷ ಊರಿನ ಬಾಣಂತನ ಮಾಡಿದ ಸೂಲಗಿತ್ತಿ. ಎಮ್ಮೆಯ ಹಗ್ಗ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಗುಬಗೆಯಿಂದ ಹೊರಟಿದ್ದಳು.

‘ಎಲ್ಲಿಗೆ ಹೊಂಟ್ರಿ ಚಾಚಿ?’

‘ಕೋಣದ ಹತ್ರ, ಬೇಟಿ. ಬೆದಿಗೆ ಬಂದೈತಿ. ಇವತ್ತ ತಪ್ಪಿದ್ರ ಮತ್ತ ಇಪ್ಪತ್ತು ದಿನ ಕಾಯಬೇಕು. ಹ್ವಾದ ಸಲ ನಾಳೆ ಹೋದ್ರಾತು ಅಂತ ಕುಂತೆ, ಬರೇ ನಡದಾಡಿದ್ದ ಬಂತು.’

ಅಡಿವೆವ್ವ ಹಿಂದಿನಿಂದ ಎಮ್ಮೆ ಹೊಡೆಯುತ್ತ ಓಣಿಯುದ್ದಕ್ಕೂ ಜೊತೆಗೆ ಹೋದಳು. ಹೋಗುತ್ತ ಹೋಗುತ್ತ ಅವಳ ತಲೆಯೊಳಗೆ ಹುಳ ಹೊಕ್ಕಿತು.

‘ಚಾಚಿ, ಎಮ್ಮಿಗೆ ಒಂದ ದಿನ ಐತಿ ಅಂದ್ರ, ನಮಗೂ ಯಾವುದರ ಒಂದು ದಿನ ಇರಬೇಕಲ್ರಿ?’

ಕುಲಸುಮಬಿ ನಡುಬೀದಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ಎಮ್ಮಿ ಒದರಿ ಹೇಳತೈತಿ. ಹೆಣ್ಣಮಗಳು ಒದರಿದ್ರ ಊರು ಏನಂದೀತು?’ ಎಂದಳು. ಆದರೆ ಕೋಣದ ಮನೆ ಮುಟ್ಟುವಷ್ಟರಲ್ಲಿ ನಗು ನಿಂತಿತ್ತು. ‘ಖರೆ ಹೇಳ್ಲೇನು? ಕೂಸು ಹೊರಗ ಬರೂ ವ್ಯಾಳ್ಯಾ ನನಗ ಗೊತ್ತೈತಿ. ಹೊಟ್ಟ್ಯಾಗ ನಿಲ್ಲೂ ವ್ಯಾಳ್ಯಾ ಗೊತ್ತಿಲ್ಲ. ಮಿಂದ ದಿನಾನ ಛಲೋ ಅಂತಾರ ಎಲ್ಲಾರೂ. ನಾನೂ ಹಂಗ ಹೇಳಕೋಂತ ಬಂದೇನಿ. ಯಾರೂ ನೋಡಿ ಹೇಳಿದ್ದಲ್ಲ.’

‘ಹಂಗಾರ ನಾವು ನೋಡೂಣ್ರಿ.’

ನೋಡುವುದೆಂದರೆ ಹೇಗೆ? ಕುಲಸುಮಬಿ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ಎರೆಯಲು ಮನೆಮನೆಗೆ ಹೋಗುವವಳು. ತಾಯಂದಿರನ್ನು ಕೇಳುತ್ತ ಬಂದಳು. ಹತ್ತು ಮನೆ ಕೇಳಿದರೂ ಫಲವಿಲ್ಲ. ಗಂಡ ದಿನವೂ ಮನೆಯಲ್ಲೇ ಬಿದ್ದುಕೊಂಡಿರುವಾಗ ಯಾವ ದಿನವೆಂದು ಯಾರು ಹೇಳಬಲ್ಲರು! ಆಗ ಅಡಿವೆವ್ವನಿಗೇ ಹೊಳೆಯಿತು: ‘ಚಾಚಿ, ಗಂಡ ಊರಾಗ ಇರದವರನ್ನ ಕೇಳ್ರಿ.’

ಹಾಗೆ ಸಿಕ್ಕವರು ಇಬ್ಬರು. ಒಬ್ಬಳು ಗುತ್ತೆವ್ವ, ಅವಳ ಗಂಡ ಹುಬ್ಬಳ್ಳಿಗೆ ಹತ್ತಿ ಗಾಡಿ ಹೊಡೆಯುವವನು. ಅವಳ ಅತ್ತೆ ಶಾಸ್ತ್ರ ಬಲ್ಲವಳು. ಸೊಸೆ ಮುಟ್ಟು ಕಳೆದು ಮೀಯುವ ದಿನಕ್ಕೆ ಸರಿಯಾಗಿ ಮಗನನ್ನು ಕರೆಸಿ, ಮೂರು ದಿನ ಇಟ್ಟುಕೊಂಡು, ಮತ್ತೆ ಗಾಡಿ ಕಟ್ಟಿಸುತ್ತಿದ್ದಳು. ಹೀಗೇ ಆರು ವರ್ಷ ನಡೆಯಿತು, ಮಕ್ಕಳಿಲ್ಲ. ಹಾಗೆ ಬಂದಿದ್ದಾಗ ಒಮ್ಮೆ ಎತ್ತಿನ ಕಾಲು ಉಳುಕಿ, ಗಂಡ ಅರ್ಧ ತಿಂಗಳು ಶಪಿಸುತ್ತ ಮನೆಯಲ್ಲೇ ಕೂತ. ಆ ತಿಂಗಳೇ ಬಸುರು ನಿಂತಿತು. ‘ಎಲ್ಲಾ ಆ ಕುಂಟ ಎತ್ತಿನ ಪುಣ್ಯೇವ್ವ’ ಎಂದಳಂತೆ ಗುತ್ತೆವ್ವ.

ಇನ್ನೊಬ್ಬಳು ಮರಿಯಮಬಿ. ಅವಳ ಗಂಡ ಪಲ್ಟನ್ನಿನಲ್ಲಿದ್ದ. ರಜೆಯೆಲ್ಲ ರೈಲಿನಲ್ಲೇ ಕಳೆದು, ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಮನೆಗೆ ಬಂದವನು ಇದ್ದದ್ದು ನಾಲ್ಕೇ ದಿನ. ಆ ನಾಲ್ಕು ದಿನದ ಒಂದೊಂದು ಗಳಿಗೆಯೂ ಮರಿಯಮಬಿಗೆ ಬಾಯಿಪಾಠ. ಹೊರಗಾದ ದಿನದಿಂದ ಎಣಿಸಿ ಹನ್ನೆರಡನೆಯ ದಿನ ಬಂದ, ಹದಿನಾರನೆಯ ದಿನ ಹೋದ. ಮಗನಿಗೆ ಈಗ ಹಲ್ಲು ಬಂದಿದ್ದವು.

ಕುಲಸುಮಬಿಯ ಪಡಸಾಲೆಯಲ್ಲಿ ಅಡಿವೆವ್ವ ಇನ್ನೆರಡು ನಾರುಗಳಿಗೆ ಗಂಟು ಹಾಕಿ, ತನ್ನ ನಾರಿನ ಪಕ್ಕದಲ್ಲಿ ಹಾಸಿದಳು. ಗುತ್ತೆವ್ವನ ಗಂಡ ಆರು ವರ್ಷ ತಪ್ಪಿಸಿಕೊಂಡು, ಎತ್ತು ಕುಂಟಿದ ತಿಂಗಳು ಮಾತ್ರ ಮನೆಯಲ್ಲಿದ್ದ ದಿನಗಳಿಗೆ, ಸಿಪಾಯಿ ಮನೆಯಲ್ಲಿದ್ದ ದಿನಗಳಿಗೆ ಅರಿಸಿನ ಹಚ್ಚಿದಳು. ಎರಡೂ ನಾರಿನಲ್ಲಿ ಹಳದಿಯಾದದ್ದು ನಟ್ಟನಡುವಿನ ಗಂಟುಗಳು ಮಾತ್ರ. ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು. ತನ್ನ ನಾರಿನ ಮೇಲೂ ಅದೇ ಜಾಗಕ್ಕೆ ಬೆರಳಿಟ್ಟಳು. ಅಮಾವಾಸ್ಯೆಯಿಂದ ಹದಿನಾಲ್ಕು. ಹುಣ್ಣಿಮೆ.

ಎರಡೂವರೆ ವರ್ಷ, ತಿಂಗಳು ತಪ್ಪದೆ, ಅದೇ ದಿನಗಳಲ್ಲಿ ಗಂಡನನ್ನು ಗುಡ್ಡಕ್ಕೆ ಅಟ್ಟಿದ್ದರು. ಮಗು ಕೊಡು ಎಂದು ಕೇಳುವುದಕ್ಕೆ! ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

‘ಇಬ್ಬರ ಮಾತಿನ ಮ್ಯಾಲ ಕುರಾನ್ ಮುಟ್ಟಿ ಹೇಳಾಕ ಆಗೂದಿಲ್ಲ ಬೇಟಿ,’ ಎಂದಳು ಕುಲಸುಮಬಿ. ‘ಇದ್ರೂ ಇರಬಹುದು, ಇಲ್ಲದಿದ್ರೂ ಇರಬಹುದು. ಆದ್ರ ನೋಡಿದ್ರ ಗಂಟೇನು ಹೋಗತೈತಿ?’

ಹೋಗುವ ಗಂಟು ಒಂದಿತ್ತು, ದೇವಿಯ ಹರಕೆ. ಗುಡ್ಡಕ್ಕೆ ಹೋಗಬೇಡಿ ಎಂಬ ಹೆಂಡತಿಯ ಮಾತಿಗೆ ಮಾರೆಪ್ಪ ಒಪ್ಪಲಿಲ್ಲ. ‘ನಿನ್ನ ನಾರು ನಂಬಿ ದೇವಿ ಹರಕಿ ಬಿಡ್ಲಿ? ಏನರ ಹೆಚ್ಚುಕಮ್ಮಿ ಆದ್ರ? ಅವ್ವ ಹೇಳಿದ್ರ ಬಿಡ್ತೇನಿ, ಇಲ್ಲಾಂದ್ರ ಇಲ್ಲ.’

ಸರಿ, ಅವ್ವನನ್ನೇ ಕೇಳೋಣವೆಂದು ಅಡಿವೆವ್ವ ಗಟ್ಟಿ ಮನಸ್ಸು ಮಾಡಿದಳು. ಶೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಬೆಳೆದ ಪೈರನ್ನು ಬಸುರಿ ಎಂದು ಭಾವಿಸಿ ಊರವರೆಲ್ಲ ಹೊಲಕ್ಕೆ ಉಣಬಡಿಸುವ ಹಬ್ಬ. ಮಧ್ಯಾಹ್ನ ಅತ್ತೆ ಎಲೆ ಜೋಡಿಸುತ್ತ ಕೂತಿದ್ದಾಗ ಎದುರಿಗೆ ನಾರು ಹಾಸಿ, ಎಮ್ಮೆಯಿಂದ ಹಿಡಿದು ಸಿಪಾಯಿಯ ತನಕ ಎಲ್ಲ ಹೇಳಿದಳು. ಚೌಡವ್ವನ ಮುಖ ಕೆಂಪಾಯಿತು. ನಾರನ್ನೆತ್ತಿ ಅಂಗಳಕ್ಕೆ ಒಗೆದಳು.

‘ದೇವರಿಗೆ ಎಣಿಕಿ ಕಲಸಾಕ ಬಂದೇನ? ಈ ಹರಕಿಯಿಂದನ ನನ್ನ ಮಗ ಹುಟ್ಟ್ಯಾನ, ತಿಳಕೋ!’

ಅಡಿವೆವ್ವನಿಗೆ ವಾದ ಮಾಡಬೇಕೆನಿಸಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಾಗಿತ್ತು. ‘ಅತ್ತಿ, ಇವರು ಹೊಟ್ಟ್ಯಾಗ ನಿಂತ ತಿಂಗಳು ಮಾವ ಗುಡ್ಡಕ್ಕ ಹೋಗಿದ್ರೇನ್ರಿ?’

ಚೌಡವ್ವ ಕೈಯಲ್ಲಿದ್ದ ಎಲೆಯನ್ನು ಬುಟ್ಟಿಗೆ ಹಾಕಿದಳು. ಎದ್ದು ತೋಟದ ಕಡೆ ಹೋಗಿ, ಬದುವಿನ ಮೇಲೆ ಹೊತ್ತು ಮುಳುಗುವ ತನಕ ಕೂತಿದ್ದಳು. ಅಲ್ಲಿ ಕೂರುವ ವಯಸ್ಸು ದಾಟಿ ಅವಳಿಗೆ ಎಷ್ಟೋ ವರ್ಷವಾಗಿತ್ತು.

ಏಕಾದಶಿ ಬೆಳಿಗ್ಗೆ ಮಾರೆಪ್ಪ ಮಡಿ ಉಟ್ಟು ಹೊರಬಂದರೆ ಕಟ್ಟೆಯ ಮೇಲೆ ತಾಯಿ ಬುತ್ತಿ ಕಟ್ಟಿಕೊಂಡು ಕೂತಿದ್ದಾಳೆ.

‘ಈ ಸಲ ನಾ ಹೋಗ್ತೇನಿ. ಹರಕಿ ಹೊತ್ತಾಕಿ ನಾನು, ಕಾಲು ನಿನ್ನವು ಯಾಕ ಸವೀಬೇಕು?’

‘ಅವ್ವಾ, ಇಷ್ಟ ದೂರ...’

‘ನನ್ನ ಕಾಲು ಇನ್ನೂ ಗಟ್ಟಿ ಅದಾವ. ಮೆಲ್ಲಕ ನಡದರ ಹುಣ್ಣಿವಿಗೆ ಮುಟ್ಟತೇನಿ. ನೀ ಮನ್ಯಾಗಿರು.’ ಸೊಸೆಯ ಮುಖ ನೋಡದೆ ಬುತ್ತಿ ಬಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಶೀಗಿ ಹುಣ್ಣಿಮೆಗೆ ಹೋದಳು, ಮರುತಿಂಗಳ ಗೌರಿ ಹುಣ್ಣಿಮೆಗೆ ಹೋದಳು. ಎರಡು ಸಲವೂ ಅಮಾವಾಸ್ಯೆಗೆ ಅಡಿವೆವ್ವ ಬದುವಿನ ಮೇಲೆ ಕೂತಳು. ಎರಡನೆಯ ಸಲ ಅವಳ ಧೈರ್ಯ ಕುಸಿಯಿತು. ಯುಗಾದಿ ಎಷ್ಟು ದೂರ ಉಳಿಯಿತೆಂದು ಬೆರಳು ಮಡಿಚಿದಳು. ‘ಎಮ್ಮಿಗೂ ಎಲ್ಲಾ ಸಲ ಗಬ್ಬ ನಿಲ್ಲೂದಿಲ್ಲ’ ಎಂದು ಕುಲಸುಮಬಿ ಬೆನ್ನು ಸವರಿದಳು. ಹೊಸ್ತಿಲ ಹುಣ್ಣಿಮೆಗೆ ಮುದುಕಿ ಮತ್ತೆ ನಡೆದಳು, ಕುಂಟುತ್ತ ಮರಳಿದಳು.

ಎಳ್ಳ ಅಮಾವಾಸ್ಯೆ ಬಂತು, ಹೋಯಿತು. ಮತ್ತೂ ನಾಲ್ಕು ದಿನ, ಎಂಟು ದಿನ. ಅಡಿವೆವ್ವ ದಿನವೂ ಬುಟ್ಟಿ ಹೊತ್ತು ತೋಟದೊಳಗೆ ಬರುತ್ತಲೇ ಇದ್ದಳು. ಎಲೆ ಕೀಳುವ ಹೆಂಗಸರು ಮೊದಲು ಅವಳ ಮುಖ ನೋಡಿದರು, ಆಮೇಲೆ ಬಳ್ಳಿ ನೋಡಿದರು, ಆಮೇಲೆ ಚೌಡವ್ವನನ್ನು ನೋಡಿದರು.

‘ಬಳ್ಳಿ ಯಾಕ ನೋಡ್ತೀರಿ? ಏನೂ ಬಾಡೂದಿಲ್ಲ, ಕೈ ನಡೀಲಿ’ ಎಂದು ಚೌಡವ್ವ ಗದರಿಸಿದಳು. ಆ ಸಂಜೆಯೇ ಹಿರೇಕೆರೂರಿಗೆ ಹೇಳಿ ಕಳಿಸಿದಳು: ಅನ್ನವ್ವನಿಗೆ ಬೇರೆ ವರ ನೋಡಿ.

ಬನದ ಹುಣ್ಣಿಮೆಯ ಏಕಾದಶಿಗೆ ಅತ್ತೆ ಮತ್ತೆ ಬುತ್ತಿ ಕಟ್ಟುತ್ತಿರುವುದನ್ನು ಕಂಡು ಅಡಿವೆವ್ವ ತಡೆದಳು. ‘ಇನ್ನ ಯಾಕ್ರಿ ಅತ್ತಿ? ಕಾಲು ಬಾತಾವ.’

ಚೌಡವ್ವ ಅವಳ ಕೈ ಹಿಡಿದು ಬದುವಿನ ತನಕ ಕರೆದುಕೊಂಡು ಹೋದಳು. ಇಬ್ಬರೂ ಕೂತರು.

‘ಅವತ್ತ ನೀ ಕೇಳಿದ್ದಿ, ಮಾವ ಗುಡ್ಡಕ್ಕ ಹೋಗಿದ್ರೇನು ಅಂತ. ಇಲ್ಲ, ಹೋಗಿರಲಿಲ್ಲ. ಪ್ಲೇಗು ಬಂದಿತ್ತು. ಊರು ಬಿಟ್ಟು ಇಲ್ಲೇ ತೋಟದಾಗ ಗುಡಿಸಲಾ ಹಾಕಿದ್ದಿವಿ. ಯಾವ ಊರಾಗೂ ನಮ್ಮನ್ನ ಹಾಯಾಕ ಬಿಡತಿರಲಿಲ್ಲ. ಎರಡು ಹುಣ್ಣಿವಿ ಹರಕಿ ತಪ್ಪಿತು. ಅದ ಹೊತ್ತಿಗೆ ನಿನ್ನ ಗಂಡ ಹೊಟ್ಟ್ಯಾಗ ನಿಂತ. ದೇವಿ ಕೊಟ್ಲು ಅಂತ ಕೈ ಮುಗದೆ. ಎಣಿಸಬೇಕು ಅಂತ ನನಗ ತಿಳೀಲಿಲ್ಲವ್ವ.’

ಬದುವಿನ ಮಣ್ಣು ಸವರುತ್ತ ಮತ್ತೆ ಹೇಳಿದಳು. ‘ಶಾರವ್ವ ನಾನು ಒಂದು ವರ್ಷ ಕೂಡಿ ಇದ್ದಿವಿ. ಆಕೀದೂ ಅಮಾಸಿ, ನಂದೂ ಅಮಾಸಿ. ಇದ ಬದುವಿನ ಮ್ಯಾಲ ಇಬ್ಬರೂ ಕುಂದರತಿದ್ದಿವಿ. ನನ್ನ ತಲಿ ಬಾಚಾಕಿ ಆಕಿ. ಆಕಿಗೂ ಗಂಡ ಹುಣ್ಣಿವಿಗೆ ಗುಡ್ಡಕ್ಕ ಹೋಗತಿದ್ದ. ಬಂಜಿ ಅಂತ ಗಾಡಿ ಹತ್ತಿಸಿದ್ರು. ನಾನೂ ಹೂಂ ಅಂದೆ. ನಾ ಒಬ್ಬಾಕಿ ಬ್ಯಾಡ ಅಂದಿದ್ರ...’

ಅಡಿವೆವ್ವ ಅತ್ತೆ ಅಳುವುದನ್ನು ಅಂದೇ ಮೊದಲ ಸಲ ಕಂಡಳು.

‘ಶಿಗ್ಗಾಂವಿ ಹಾದಿ ಮ್ಯಾಲ ಆಕಿ ತಮ್ಮನ ಮನಿ. ಇನ್ನೂ ಅದಾಳ. ಮೂರು ಸಲ ಬಾಗಲಾ ಮುಂದ ಹಾದೇನಿ, ಒಳಗ ಹೋಗಾಕ ಕಾಲು ಬರಲಿಲ್ಲ. ಏನಂತ ಹೇಳ್ಲಿ? ನಿನ್ನ ತಪ್ಪಿರಲಿಲ್ಲ ಅಂದ್ರ ಯಾಕ ನಂಬ್ಯಾಳು?’ ಚೌಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು. ‘ನಿನ್ನ ಆ ನಾರು ಕೊಡು.’

ಅಂಗಳದಿಂದ ಎತ್ತಿಟ್ಟುಕೊಂಡ ನಾರು ಅಡಿವೆವ್ವನ ಸೊಂಟದಲ್ಲೇ ಇತ್ತು. ಬಿಚ್ಚಿ ಕೊಟ್ಟಳು. ಮುದುಕಿ ಅದನ್ನು ತೊಡೆಯ ಮೇಲೆ ನೇರವಾಗಿ ಹಾಸಿಕೊಂಡಳು.

‘ಯಾವ ಗಂಟು ಯಾವ ದಿನ, ಮತ್ತೊಮ್ಮೆ ಹೇಳು. ಆಕಿ ಮುಂದ ತಪ್ಪಬಾರದು.’

ಅಡಿವೆವ್ವ ಅತ್ತೆಯ ಬೆರಳು ಹಿಡಿದು ಮೊದಲ ದೊಡ್ಡ ಗಂಟಿನ ಮೇಲಿಟ್ಟು, ಒಂದು ಎಂದಳು.