ಅಂಬುಬಾಯಿಯ ತಲೆಗೆ ಕಟ್ಟಿದ ಬರ

ಬರ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ನಾನು ಬಾಗಿಲಲ್ಲಿ ಕುಳಿತು ಎತ್ತಲೋ ನೋಡುತ್ತಿದ್ದರೆ, ಕೆಲಸ ಅಂದ್ರ ಇಕಿಗೆ ಬರ ಎಂದು ಅವ್ವ ಗೊಣಗುವಳು. ಬಿಸಿ ರೊಟ್ಟಿಗೆ ಅವಸರದಿಂದ ಕೈ ಚಾಚಿದರೆ, ಬರಗೆಟ್ಟವರಂಗ ಮಾಡಬ್ಯಾಡ ಎನ್ನುವಳು. ಅಪ್ಪ ಭಾಗಣ್ಣ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸದವನು. ವಾರಕ್ಕೊಮ್ಮೆ ಮನೆಗೆ ಬಂದರೂ ಹೂಂ, ಊಹೂಂ ಬಿಟ್ಟು ಮಾತಿಲ್ಲ. ನನ್ನ ಮಗನಿಗೆ ಮಾತಿನ ಬರ ಎಂದು ಆಯಿ ನಗುವಳು.

ಆಯಿ ಎಂದರೆ ಅಪ್ಪನ ತಾಯಿ, ಅಂಬುಬಾಯಿ. ಆಕೆಯ ಕಥೆಗಳಲ್ಲಿ ಬರವೆಂಬುದು ಒಬ್ಬ ಮುದುಕಿ. ಬರಿಯ ಬುಟ್ಟಿ ಹೊತ್ತು ಗುಡ್ಡ ಇಳಿದು ಬರುತ್ತಾಳೆ, ಬಾಗಿಲಲ್ಲಿ ನಿಂತು ಒಂದು ಚೊಂಬು ನೀರು ಕೇಳುತ್ತಾಳೆ, ಕೊಟ್ಟವರ ಮನೆಯಲ್ಲಿ ನಿಲ್ಲದೆ ಮುಂದೆ ಹೋಗುತ್ತಾಳೆ. ಚಿಂಚೋಳಿಯ ಕಾಡಿನ ಕಡೆ ಮುಖ ಮಾಡಿ ನಾನು ಎಷ್ಟೋ ಮಧ್ಯಾಹ್ನ ಆ ಮುದುಕಿಯ ದಾರಿ ಕಾದದ್ದುಂಟು.

ಆಯಿಗೆ ತೊನ್ನು ಇತ್ತು. ತುಟಿಯ ಸುತ್ತ, ಬೆರಳ ತುದಿಗಳಲ್ಲಿ, ಕುತ್ತಿಗೆಯ ಮೇಲೆ ಹಾಲು ಚೆಲ್ಲಿದಂತೆ ಬಿಳುಪು. ಊರವರು ಆಕೆ ಮಾಡಿದ ಹಪ್ಪಳ ತಿನ್ನುತ್ತಿರಲಿಲ್ಲ. ಮದುವೆಯ ಹಂದರದಲ್ಲಿ ಆಕೆಯನ್ನು ಹಿಂದೆಲ್ಲೋ ಕೂಡಿಸುತ್ತಿದ್ದರು. ಹೋದ ಚಳಿಗಾಲದಲ್ಲಿ ನಿದ್ದೆಯಲ್ಲೇ ತೀರಿಕೊಂಡಳು. ನಮ್ಮವರಲ್ಲಿ ಹೂಳುವುದು ವಾಡಿಕೆ. ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಅಪ್ಪ ತಾನೇ ನಯಗೊಳಿಸಿದ ಶಹಾಬಾದ ಕಲ್ಲೊಂದನ್ನು ತಂದು ಮೇಲೆ ಹಾಸಿದ.

ಈ ವರ್ಷ ಮುಂಗಾರು ಬರಲಿಲ್ಲ. ಬಿತ್ತಿದ ತೊಗರಿ ಮೊಳಕೆಯಲ್ಲೇ ಕಮರಿತು. ಚಿಮ್ಮನಚೋಡದ ಆಚೆಗಿರುವ ನಮ್ಮ ಸಣ್ಣ ಊರಿನಲ್ಲಿ ಬರ ಎಂಬ ಮಾತಿಗೆ ಆಗ ವಿಷ ಏರಿತು. ಮೊದಲು ನಳದ ಹತ್ತಿರ ಯಾರೋ ಪಿಸುಗುಟ್ಟಿದರು, ಆಮೇಲೆ ಕಟ್ಟೆಯ ಮೇಲೆ ಗಂಡಸರು ಬಾಯಿಬಿಟ್ಟೇ ಹೇಳಿದರು: ಇದು ಅಂಬುಬಾಯಿ ತಂದ ಬರ. ತೊನ್ನಿನವರನ್ನು ಹೂತರೆ ಮೋಡ ಹಿಂದೆ ಸರಿಯುತ್ತದಂತೆ. ಹೆಣ ತೆಗೆದು ಸುಟ್ಟರೆ ಮಳೆ ತಿರುಗುತ್ತದಂತೆ. ಆದರೆ ಮೊದಲ ಗುದ್ದಲಿ ಹೆತ್ತ ಮಗನದೇ ಬೀಳಬೇಕು. ಅಮಾವಾಸ್ಯೆಯ ಮುಂಜಾನೆ ಎಂದು ಹಿರಿಯರು ಗೊತ್ತುಮಾಡಿದರು.

ಒಪ್ಪದಿದ್ದರೆ ನಳದಲ್ಲಿ ನಮ್ಮ ಕೊಡ ಇಡಗೊಡುವುದಿಲ್ಲ ಎಂದೂ ಹೇಳಿ ಕಳಿಸಿದರು. ಅಪ್ಪ ಕೆಲಸ ಬಿಟ್ಟು ಬಂದ. ಅವ್ವ ಅಳುತ್ತ ಕೇಳಿದ್ದಕ್ಕೆಲ್ಲ ಅವನು ಗೋಡೆಯ ಕಡೆ ನೋಡಿದ. ಕಡೆಗೆ ನನ್ನತ್ತ ತಿರುಗಿ, "ಊರಾಗ ಬಾಳೇ ಮಾಡಬೇಕಲ್ಲ, ಸುಮಂಗಲಾ" ಎಂದಷ್ಟೇ ಅಂದ.

ನಾನು ಜಗದೇವಪ್ಪನ ಮನೆಗೆ ಹೋದೆ. ಊರಿನಲ್ಲಿ ಅವನ ಮಾತೇ ಮಾತು. ವಯಸ್ಸಿನಲ್ಲಿ ನನಗೆ ಅಜ್ಜನಂತೆ, ಮುತ್ಯಾ ಎಂದೇ ಕರೆಯುತ್ತಿದ್ದೆ. ಪಡಸಾಲೆಯಲ್ಲಿ ನಾಲ್ಕಾರು ಗಂಡಸರ ನಡುವೆ ಅಡಕೆ ಕತ್ತರಿಸುತ್ತ ಕುಳಿತಿದ್ದ. ಒಳಗೆ ಒಲೆಯ ಮುಂದೆ ಅವನ ಸೊಸೆ ಚಂದ್ರಕಲಾ ರೊಟ್ಟಿ ಬಡಿಯುತ್ತಿದ್ದಳು. ಈ ಸಲದ ಬೇಸಿಗೆಯಲ್ಲಿ ಮದುವೆಯಾಗಿ ಬಂದವಳು, ಆಗಲೇ ಬಸುರಿ.

"ಮುತ್ಯಾ, ಸೇಡಂನಾಗ ಮಳಿ ಇಲ್ಲ, ಚಿತ್ತಾಪುರದಾಗ ಇಲ್ಲ, ವಾಡಿ ಕಡಿಗೂ ಇಲ್ಲ. ನಮ್ಮ ಆಯಿನ್ನ ಅಲ್ಲೆಲ್ಲಾ ಹೂತೀವೇನ್ರಿ?"

"ಅವರವರ ಊರಿನ ಹೆಣ ಅವರವರಿಗೆ ಗೊತ್ತು. ಅಲ್ಲೂ ಯಾರರೆ ಇರ್ತಾರ, ಹುಡುಕಿದ್ರ ಸಿಗ್ತಾರ."

"ಆಯಿನ್ನ ಮಣ್ಣು ಮಾಡಿದ ವಾರದಾಗೇ ಮಳಿ ಬಿದ್ದು ನಿಮ್ಮ ಕಡ್ಲಿ ತೋಯ್ದಿತ್ತಲ್ರಿ. ಆಗ್ಯಾಕ ಮೋಡ ಹಿಂದ ಸರೀಲಿಲ್ಲ?"

"ಅದು ಭೂಮ್ತಾಯಿ ಮೈಲಿಗಿ ತೊಳಕೊಂಡದ್ದು" ಎಂದ ಜಗದೇವಪ್ಪ.

ತೊನ್ನೆಂದರೆ ಚರ್ಮದ ಬಣ್ಣ ಹೋಗುವುದು ಅಷ್ಟೇ, ಅದು ಅಂಟುವುದಿಲ್ಲ, ಶಾಪವಲ್ಲ, ಬೇಕಾದರೆ ಡಾಕ್ಟರನ್ನು ಕೇಳಿ ಎಂದು ನಾನು ಬಿಡಿಸಿ ಹೇಳಿದೆ. ಅವನು ಸಿಟ್ಟಾಗಲೂ ಇಲ್ಲ.

"ಡಾಕ್ಟರ್ ಮಳಿ ತರ್ತಾನೇನು? ಮುದುಕಿ ಕಥಿ ಕೇಳಿ ಕೇಳಿ ನಿನ್ನ ತಲಿ ಮೋಡದಾಗ ಅದ. ಆ ಮೋಡನಾದ್ರೂ ಇತ್ತ ಕಳಸು, ನಾವೇನ್ ಬ್ಯಾಡಂತೀವಾ?"

ಪಡಸಾಲೆಯಲ್ಲಿದ್ದವರು ನಕ್ಕರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನಿಂತುಹೋಗಿತ್ತು.

ಅಮಾವಾಸ್ಯೆಯ ಮುಂಜಾನೆ ಹೊಲದಲ್ಲಿ ಗಂಡಸರು ನೆರೆದರು. ಕಟ್ಟಿಗೆ ಬಂದಿತ್ತು, ಸೀಮೆಎಣ್ಣೆಯ ಡಬ್ಬಿಯೂ ಬಂದಿತ್ತು. ಹೆಂಗಸರು ಬರಕೂಡದು ಎಂದಿದ್ದರು. ಆದರೂ ಅವ್ವ, ನಾನು ಹೋಗಿ ಎದುರಿನ ಬದುವಿನ ಮೇಲೆ ನಿಂತೆವು. ಇಬ್ಬರು ಹಾರೆಯಿಂದ ಮೀಟಿ ಕಲ್ಲನ್ನು ಸರಿಸಿದರು. ಜಗದೇವಪ್ಪ ಅಪ್ಪನ ಕೈಗೆ ಗುದ್ದಲಿ ಕೊಟ್ಟ. ಅಪ್ಪ ಅದನ್ನು ಎತ್ತಿದ.

ಆಗ ಚಂದ್ರಕಲಾ ಬಂದಳು. ಗಂಡಸರ ನಡುವೆ ಹಾದು ಹೋಗಿ, ಹೊಟ್ಟೆಗೆ ಒಂದು ಕೈ ಆನಿಸಿಕೊಂಡು ಆ ಮಣ್ಣಿನ ಮೇಲೆ ಕುಳಿತಳು. ಬೇಸಿಗೆಯಲ್ಲೂ ಅವಳು ಮಣಿಕಟ್ಟಿನ ತನಕ ತೋಳಿರುವ ಕುಪ್ಪಸವನ್ನೇ ತೊಡುತ್ತಿದ್ದಳು. ಈಗ ಗುಂಡಿ ಬಿಚ್ಚಿ, ತೋಳನ್ನು ಮೊಣಕೈಯ ಮೇಲಕ್ಕೆ ಸರಿಸಿದಳು. ಮೊಣಕೈಯ ಸುತ್ತ ಅಂಗೈ ಅಗಲದ ಬಿಳುಪು.

"ನಿಮ್ಮ ಮಗನಿಗೆ ಗೊತ್ತದ, ಮಾವಾ. ನಿಮಗ ಗೊತ್ತಿರಲಿಲ್ಲ" ಎಂದಳು. ಗುಂಪಿನಲ್ಲಿದ್ದ ಅವಳ ಗಂಡ ಅಂಬರಾಯ ತಲೆ ತಗ್ಗಿಸಿದ. "ನಾ ಸತ್ತರ ನನ್ನೂ ಹೂತು ತೆಗೀತೀರೇನ್ರಿ? ಹಂಗಾದ್ರ ಮೊದಲ ಗುದ್ದಲಿ ನನ್ನ ಹೊಟ್ಟ್ಯಾಗಿನ ಕೂಸೇ ಹಾಕಬೇಕಲ್ಲ. ನಿಮ್ಮ ಮೊಮ್ಮಗನಿಗೆ ಇದನ್ನ ಕಲಿಸ್ತೀರೇನು, ಈಗ ಹೇಳ್ರಿ."

ಜಗದೇವಪ್ಪನ ಕಣ್ಣು ಆ ತೋಳಿನ ಮೇಲೆ ನಿಂತುಬಿಟ್ಟಿತು. "ಮನಿಗಿ ನಡಿ" ಎಂದ. ಅವಳು ಏಳಲಿಲ್ಲ. ಅವನು ಅಪ್ಪನ ಕಡೆ ತಿರುಗಿ, ಹಾಕು ಭಾಗಣ್ಣ, ಹೊತ್ತಾಗ್ಲಿಕತ್ತದ ಎಂದ.

ಅಪ್ಪ ಗುದ್ದಲಿಯನ್ನು ಕೆಳಗಿಳಿಸಿ ಅವನ ಕಾಲ ಬಳಿ ಇಟ್ಟ. "ನಮ್ಮವ್ವನ ಮ್ಯಾಲ ನಾ ಗುದ್ದಲಿ ಹಾಕೂದಿಲ್ಲ, ಕಾಕಾ. ನೀರು ಬಂದ್ ಮಾಡ್ತೀರೇನು? ಮಾಡ್ರಿ."

ಮಗ ಮೊದಲ ಗುದ್ದಲಿ ಹಾಕದೆ ಬೇರೆಯವರು ಅಗೆಯುವಂತಿಲ್ಲ, ಅವರ ಪದ್ಧತಿಯೇ ಅವರ ಕೈ ಕಟ್ಟಿತ್ತು. ಕಟ್ಟಿಗೆ ತಂದವರು ಕಟ್ಟಿಗೆ ಹೊತ್ತು ಹಿಂತಿರುಗಿದರು. ಕೊನೆಗೆ ಉಳಿದ ಅಂಬರಾಯ, ಹೆಂಡತಿಯನ್ನು ಎಬ್ಬಿಸಿ, ಕಲ್ಲಿನ ಒಂದು ಅಂಚಿಗೆ ಕೈ ಹಾಕಿದ. ಇನ್ನೊಂದು ಅಂಚನ್ನು ಅಪ್ಪ ಹಿಡಿದ.

ಇದನ್ನು ಬರೆಯುವ ಹೊತ್ತಿಗೂ ನಮ್ಮ ಕಡೆ ಮಳೆ ಬಂದಿಲ್ಲ. ಬಂದಿದ್ದರೆ ಕಥೆಗೆ ಚೆಂದವಿತ್ತು, ಆದರೆ ಹೆಣಕ್ಕೂ ಮೋಡಕ್ಕೂ ಸಂಬಂಧವಿಲ್ಲ ಎಂದ ಮೇಲೆ ಒಳ್ಳೆಯತನಕ್ಕೂ ಮೋಡಕ್ಕೂ ಇಲ್ಲ. ನೀರು ನಿಲ್ಲಿಸಲಿಲ್ಲ, ಆದರೆ ನಳದ ಸಾಲಿನಲ್ಲಿ ನಮ್ಮ ಕೊಡ ಎಲ್ಲರಿಗಿಂತ ಹಿಂದೆ. ಓದುವ ನಿಮ್ಮ ಊರಿನಲ್ಲಿಯೂ ಕಟ್ಟೆಯ ಮೇಲೆ ಇಂಥ ಮಾತು ಎದ್ದರೆ, ಉದ್ದ ತೋಳಿನ ಕುಪ್ಪಸದೊಳಗೆ ಯಾರೋ ಉಸಿರು ಬಿಗಿಹಿಡಿದು ಅದನ್ನು ಕೇಳುತ್ತಿರುತ್ತಾರೆ ಎಂಬುದು ನೆನಪಿರಲಿ.

ನಿನ್ನೆ ಚಂದ್ರಕಲಾ ಗಿಡ್ಡ ತೋಳಿನ ಕುಪ್ಪಸ ತೊಟ್ಟು ನಳಕ್ಕೆ ಬಂದಳು. ಮುಂದೆ ಜಾಗವಿದ್ದರೂ ನಮ್ಮ ಕೊಡದ ಹಿಂದೆ ತನ್ನ ಕೊಡ ಇಟ್ಟಳು. ಮಾವ ಅವಳ ಕೈಯ ರೊಟ್ಟಿ ಮುಟ್ಟುತ್ತಿಲ್ಲವಂತೆ. ಹಾಗಾದರೆ ಏನು ಮಾಡುತ್ತೀ ಎಂದು ಕೇಳಿದೆ.

"ದಿನಾ ಮಾಡಿ ಮುಂದಿಡ್ತೀನಿ" ಎಂದಳು ಚಂದ್ರಕಲಾ. "ಹಸಿವ್ಯಾದಾಗ ತಿಂತಾರ."