ಎದ್ದು ನಿಂತವರು

ಮಗ ಅಪ್ಪನ ಅಂಗಿಯ ತೋಳನ್ನು ಕೆಳಗೆಳೆದರೆ ತಾಯಿ ಮತ್ತೆ ಮೇಲಕ್ಕೆ ಸರಿಸುತ್ತಿದ್ದಳು. ನಡುವೆ ಹೆಣ ತೆಪ್ಪಗೆ ಮಲಗಿತ್ತು. ಬದುಕಿದ್ದಾಗಲೂ ಶಾಸಕರು ಯಾರ ಜಗಳಕ್ಕೂ ಬಾಯಿ ಹಾಕಿದವರಲ್ಲ.

"ಅಮ್ಮಾ, ಸೂಜಿ ಚುಚ್ಚಿದ ಗಾಯ ಕಾಣುತ್ತೆ. ಟಿವಿಯವರು ಇನ್ನೇನು ಬಂದ್ಬಿಡ್ತಾರೆ."

"ಕಾಣ್ಲಿ ಅಂತಾನೇ ಸರಿಸಿದ್ದು. ಐಸಿಯುನಿಂದ ಎಳ್ಕೊಂಡು ಹೋಗಿದ್ದು ಎಲ್ಲರಿಗೂ ಗೊತ್ತಾಗ್ಲಿ. ಬರ್ಲಿ ನಿಮ್ಮ ಪಕ್ಷದ ಅಧ್ಯಕ್ಷ, ಮುಖದ ಮೇಲೇ ಕೇಳ್ತೀನಿ."

"ಕೇಳಿ ಏನು ಬಂತು? ಅಪ್ಪನ ಸೀಟು ನಂಗೇ ಅಂತ ಮಾತು ಕೊಟ್ಟಿದ್ದಾರೆ. ಕಲ್ಲು ಹಾಕ್ಬೇಡ."

"ನೀನು ಹೂಂ ಅಂದಿದ್ದಕ್ಕೆ ಕೂಲಿ ತಾನೇ ಅದು?"

ಮಗ ಅತ್ತಿತ್ತ ನೋಡಿದ. ಬಾಗಿಲ ಬಳಿ ಅವನ ಅತ್ತೆ, ಸತ್ತವರ ತಂಗಿ, ಬಂದವರ ಮುಂದೆ ಮೂಗು ಒರೆಸಿಕೊಳ್ಳುತ್ತಿದ್ದಳು. "ಆರು ಸಲ ಗೆದ್ದ ನಮ್ಮಣ್ಣ. ಒಂದಿನ ಯಾರಿಗೂ ಎದುರಾಡಿದೋನಲ್ಲ."

ಅದಂತೂ ನಿಜ.

*

ಆರು ಸಲ ಗೆದ್ದು ಹೋಗಿ ಸದನದಲ್ಲಿ ಅವರು ಕಡಿದು ಗುಡ್ಡೆ ಹಾಕಿದ್ದು ಒಂದೇ: ಎದ್ದು ನಿಲ್ಲುವುದು. ಮಸೂದೆ ಮತಕ್ಕೆ ಬಂದಾಗ ಪಕ್ಷದವರು ಕಣ್ಸನ್ನೆ ಮಾಡಿದರೆ ಏಳುವರು. ತಲೆ ಎಣಿಸಿ ಮುಗಿದ ಮೇಲೆ ಕೂರುವರು. ತಮ್ಮದೇ ಕ್ಷೇತ್ರದ ಹೆರಿಗೆ ಆಸ್ಪತ್ರೆ ಮುಚ್ಚುವ ಮಸೂದೆಗೂ ಎದ್ದರು. ಅಂದು ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಕುಕ್ಕಿದ್ದಳು.

"ನಾಚ್ಕೆ ಆಗಲ್ವಾ ನಿಮ್ಗೆ?"

"ಎಲ್ಲರೂ ಎದ್ರು ಕಣೇ. ನಾನೊಬ್ಬನೇ ಹೇಗೆ ಕೂತಿರೋದು?"

"ನಾನಾಗಿದ್ರೆ ಗೂಟ ಹೊಡ್ಕೊಂಡು ಕೂತಿರ್ತಿದ್ದೆ."

ಅವರು ಉಪ್ಪು ಕೇಳಿದರು. ಆ ಗಂಡಸಿನ ಮೇಲೆ ಅವಳಿಗಿದ್ದ ಗೌರವ ಅಂದೇ ಮುಗಿಯಿತು.

ಮೊನ್ನೆ ಸರ್ಕಾರ ಉಳಿಯುವುದಕ್ಕೆ ಒಂದು ತಲೆ ಕಡಿಮೆ ಬಿತ್ತು. ಶಾಸಕರು ಐಸಿಯುನಲ್ಲಿದ್ದರು. ಮೈಮೇಲೆ ಪ್ರಜ್ಞೆಯಿಲ್ಲದ ರೋಗಿ, ಅಲುಗಾಡಿಸಿದರೆ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಹೆಂಡತಿ ಮಂಚಕ್ಕೆ ಅಡ್ಡ ನಿಂತಳು. ಮಗ ಅವಳನ್ನು ಪಕ್ಕಕ್ಕೆ ಸರಿಸಿದ. ಸದನದಲ್ಲಿ ಇಬ್ಬರು ಕಂಕುಳಿಗೆ ಕೈಕೊಟ್ಟು ಶಾಸಕರನ್ನು ಎತ್ತಿ ನಿಲ್ಲಿಸಿದರು. ತಲೆ ಎದೆಯ ಮೇಲೆ ಬಿದ್ದಿತ್ತು, ಆದರೂ ಎಣಿಕೆಗೆ ಬಂತು. ಸರ್ಕಾರ ಉಳಿಯಿತು; ಅವರು ಹಿಂದಿರುಗುವ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ತೀರಿಕೊಂಡರು. ಹಟ ಹಿಡಿದು ಅವರೇ ಬಂದಿದ್ದರೆಂದು ಪಕ್ಷ ಹೇಳಿಕೆ ಕೊಟ್ಟಿತು.

*

ಅಧ್ಯಕ್ಷರು ಒಳಗೆ ಬಂದಾಗ ಕೋಣೆಯಲ್ಲಿದ್ದವರೆಲ್ಲ ದಡಬಡನೆ ಎದ್ದರು. ಹೆಣದ ಪಕ್ಕ ನೆಲದ ಮೇಲೆ ಕೂತಿದ್ದ ಹೆಂಡತಿ ಏಳಲಿಲ್ಲ. ಹಿಂದೆಯೇ ಟಿವಿಯವರು ನುಗ್ಗಿದರು.

"ಪ್ರಜ್ಞೆ ಇಲ್ದೋರನ್ನ..." ಎಂದು ಆಕೆ ಶುರುಮಾಡಿದಳು. ಟಿವಿಯವರ ಗದ್ದಲದಲ್ಲಿ ಮಾತು ಮುಳುಗಿತು.

"ಏನಮ್ಮಾ? ಸ್ವಲ್ಪ ಜೋರಾಗಿ ಹೇಳಿ," ಎಂದು ಒಬ್ಬ ಮೈಕು ಚಾಚಿದ.

ಅಧ್ಯಕ್ಷರು ಮೈಕಿಗೆ ಅಂಗೈ ಅಡ್ಡ ಹಿಡಿದು, ಸಮಾಧಾನ ಹೇಳುವವರ ಹಾಗೆ ಅವಳ ಕಿವಿಯ ಬಳಿ ಬಗ್ಗಿದರು. "ಅಕ್ಕಾ, ಹುಡುಗನ್ನ ಯಾರೂ ನಂಬಲ್ಲ. ಸೀಟು ನಿಮಗೇ. ಗೆದ್ದು ಬನ್ನಿ, ಮಂತ್ರಿ ಮಾಡೋಣ."

"ಸಾರ್, ನಂಗೆ ಅಂದಿದ್ರಲ್ಲ!" ಎಂದ ಮಗ.

"ಸುಮ್ನಿರಪ್ಪಾ."

ಆಕೆ ಗಂಡನ ಮುಖ ನೋಡಿದಳು. ಎರಡು ದಿನದಿಂದ ಕುದಿಯುತ್ತಿದ್ದ ಸಿಟ್ಟನ್ನು ಮತ್ತೆ ಬಾಯಿಗೆ ತಂದುಕೊಳ್ಳಲು ನೋಡಿದಳು. ಬರಲಿಲ್ಲ. ಮಂತ್ರಿ ಎಂಬ ಮಾತು ಮಾತ್ರ ಕಿವಿಯಲ್ಲಿ ಬೆಚ್ಚಗೆ ಕೂತಿತ್ತು.

"ಅಮ್ಮಾ, ಏನೋ ಹೇಳ್ತಿದ್ರಿ?"

"ಪ್ರಜ್ಞೆ ಇಲ್ದೋರ ಹಾಗೆ ಹಟ ಮಾಡಿದ್ರು," ಎಂದಳು. "ನಾನು ಬೇಡ ಅಂದ್ರೂ ಕೇಳ್ಲಿಲ್ಲ. ಪಕ್ಷ ಅಂದ್ರೆ ಪ್ರಾಣ ಅವ್ರಿಗೆ."



ಫೋಟೋದವನು ಹಿಂದಿನಿಂದ ಕೂಗಿದ: "ಅಮ್ಮಾ, ಹೂವಿನ ಮರೆಗೆ ಮುಖ ಕಾಣ್ತಿಲ್ಲ. ಅಧ್ಯಕ್ಷ ಸಾಹೇಬ್ರ ಪಕ್ಕ ಸ್ವಲ್ಪ ಎದ್ದು ನಿಲ್ತೀರಾ?"

ಮಂಡಿನೋವಿನ ಹೆಂಗಸು. ಹಿಡಿದುಕೊಳ್ಳಲು ಬೇರೇನೂ ಸಿಗದೆ ಗಂಡನ ಎದೆಯ ಮೇಲೆ ಅಂಗೈ ಊರಿ, ಪೂರ್ತಿ ಭಾರ ಬಿಟ್ಟು, ಎದ್ದು ನಿಂತಳು.