ಕೊಲಂಬೊಗೆ ಮೊದಲು ಜಯನಗರ

ಭಾಗ್ಯಜ್ಯೋತಿ ಇಪ್ಪತ್ತಾರು ವರ್ಷ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಬೆತ್ತದ ತುದಿಯಿಟ್ಟು "ಇದು ಶ್ರೀಲಂಕಾ, ನಮ್ಮ ನೆರೆಯ ದ್ವೀಪರಾಷ್ಟ್ರ" ಎಂದು ಎಷ್ಟು ಸಲ ಹೇಳಿದ್ದಳೋ, ಬೆತ್ತ ತಗುಲಿ ತಗುಲಿ ಶ್ರೀಲಂಕಾ ಇದ್ದ ಜಾಗವೇ ತೂತಾಗಿತ್ತು. ಪ್ರಪಂಚವನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಈ ಮಹಾತಾಯಿ ತಾನು ಹೋಗಿದ್ದ ಅತಿ ದೂರದ ಊರು ತಿರುಪತಿ. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಬೆತ್ತವನ್ನು ಯಾರೂ ಕೊಡಲಿಲ್ಲ, ಅವಳೇ ಎತ್ತಿಕೊಂಡು ಬಂದಳು. ಮರುವಾರ ಗೆಳತಿ ಉಮಾಮಹೇಶ್ವರಿಗೆ ಫೋನ್ ಮಾಡಿದಳು.

"ನಾಲ್ಕು ದಿನ ಶ್ರೀಲಂಕಾಕ್ಕೆ ಹೋಗ್ತಿದೀವಿ ಕಣೆ, ನಾನೂ ನೀನೂ. ಇಷ್ಟು ವರ್ಷ ಚುಚ್ಚಿದ್ದಕ್ಕೆ ಒಂದು ಸಲ ಕ್ಷಮೆ ಕೇಳಿ ಬರೋಣ."

ಉಮಾ ಅದೇ ಶಾಲೆಯ ಗಣಿತದ ಮಿಸ್, ವರ್ಷದ ಹಿಂದೆ ನಿವೃತ್ತಳಾದವಳು. ಚಿಕ್ಕಲಸಂದ್ರದ ಮನೆಯಲ್ಲಿ ಬೆಳಗಿನ ಪೂಜೆ, ಸಂಜೆಯ ವಾಕಿಂಗ್, ನಡುವೆ ಗಂಡ ಸಿದ್ದಲಿಂಗಯ್ಯನ ಸಕ್ಕರೆ ಕಾಯಿಲೆಯ ಕಾವಲು. ಇಷ್ಟರಲ್ಲೇ ದಿನ ಮುಗಿಯುತ್ತಿದ್ದ ಅವಳಿಗೆ ಗೆಳತಿಯ ಮಾತು ಕೇಳಿ ಹದಿನಾರರ ಹುಡುಗಿಯ ಹಾಗೆ ಕುಣಿಯುವಂತಾಯಿತು. ಇಬ್ಬರೂ ಜೊತೆಯಲ್ಲೇ ಪಾಸ್‌ಪೋರ್ಟ್ ಮಾಡಿಸಿದರು. ಬನಶಂಕರಿಯ ದರ್ಶಿನಿಯಲ್ಲಿ ನಿಂತುಕೊಂಡು, ಬೈಟು ಕಾಫಿ ಕುಡಿಯುತ್ತ, ಹಳೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದರು. ಚಟ್ನಿಪುಡಿ ಎಷ್ಟು, ಅವಲಕ್ಕಿ ಎಷ್ಟು, ಕ್ಯಾಂಡಿಯ ರೈಲಿನಲ್ಲಿ ಕಿಟಕಿ ಪಕ್ಕ ಯಾರು. ಕಿಟಕಿಯ ವಿಷಯಕ್ಕೆ ಸಣ್ಣ ಜಗಳವೂ ಆಯಿತು.

ಎಲ್ಲ ಸರಿಯಾಗಿಯೇ ನಡೆದಿತ್ತು, ಉಮಾಳ ಅಕ್ಕನ ಮಗಳು ಶ್ವೇತ ಒಂದು ಭಾನುವಾರ ಮನೆಗೆ ಬರುವವರೆಗೆ. "ಚಿಕ್ಕಮ್ಮ, ಏರ್‌ಪೋರ್ಟಿಗೆ ಜಾಸ್ತಿ ಒಡವೆ ಹಾಕ್ಕೊಂಡು ಹೋಗ್ಬೇಡಿ. ಕೆಲವು ಸಲ ಬಳೆ, ಸರ, ವಾಚು ಎಲ್ಲ ಬಿಚ್ಚಿ ಟ್ರೇಗೆ ಹಾಕಿಸ್ತಾರೆ. ಮಷೀನೊಳಗೆ ಹೋಗಿ ಆ ಕಡೆ ಬರುತ್ತೆ" ಎಂದು ಅವಳು ಒಳ್ಳೆಯದಕ್ಕೇ ಹೇಳಿದಳು. ಉಮಾಳ ಕೈ ತಾನಾಗಿ ಕತ್ತಿನ ಕೆಳಗೆ ಹೋಯಿತು. ಅಲ್ಲಿ ಸೀರೆಯ ಒಳಗೆ, ದಾರದಲ್ಲಿ, ಬೆಳ್ಳಿಯ ಪುಟ್ಟ ಕರಡಿಗೆ. ಅದರೊಳಗೆ ಅವಳ ಇಷ್ಟಲಿಂಗ.

ಎಂಟು ವರ್ಷದವಳಿದ್ದಾಗ ತಿಪಟೂರಿನ ಮನೆಯಲ್ಲಿ ಗುರುಗಳು ಕಟ್ಟಿದ ಲಿಂಗ ಅದು. ಬೆಳಗ್ಗೆ ಪೂಜೆಗೆ ಅವಳೇ ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳುತ್ತಾಳೆ, ಅವಳೇ ಮರಳಿ ಕಟ್ಟಿಕೊಳ್ಳುತ್ತಾಳೆ. ಸಿದ್ದಲಿಂಗಯ್ಯನದು ಬೇರೆ ಪದ್ಧತಿ. ಅವನ ಲಿಂಗ ದೇವರ ಗೂಡಿನಲ್ಲೇ ವಾಸ, ಸೋಮವಾರ ಮಾತ್ರ ಕೊರಳಿಗೆ ಬರುತ್ತದೆ. "ತೆಗೆದು ಬ್ಯಾಗಲ್ಲಿ ಇಟ್ಕೋ, ಏನಾಗುತ್ತೆ?" ಎಂದು ಅವನು ಸಲೀಸಾಗಿ ಹೇಳಿಬಿಡುತ್ತಾನೆ. ಉಮಾಳಿಗೆ ಹಾಗೆ ಆಗುವುದಿಲ್ಲ.

ಆಗದಿರುವುದಕ್ಕೆ ಕಾರಣವಿತ್ತು. ಹದಿನೆಂಟು ವರ್ಷದ ಹಿಂದೆ ಪಿತ್ತಕೋಶದ ಕಲ್ಲು ತೆಗೆಸಲು ಆಪರೇಷನ್ ಆದಾಗ, ಅವಳಿಗೆ ಮಂಪರು ಬಂದ ಮೇಲೆ ಯಾರೋ ಲಿಂಗವನ್ನು ಬಿಚ್ಚಿದ್ದರು. ಎಚ್ಚರವಾದಾಗ ಅದು ಬಳೆ, ಹೇರ್‌ಪಿನ್ನುಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ, ಮಂಚದ ಪಕ್ಕದ ಡ್ರಾಯರಿನಲ್ಲಿ ಬಿದ್ದಿತ್ತು. ನರ್ಸ್ ಪಾಪ ಜೋಪಾನವಾಗಿಯೇ ಇಟ್ಟಿದ್ದಳು, ಅವಳದೇನೂ ತಪ್ಪಿಲ್ಲ. ಆದರೆ ಅಮ್ಮ ಯಾರನ್ನೂ ಬೈಯದೆ, ಆ ಕವರನ್ನು ಮಗಳ ಎದೆಯ ಮೇಲಿಟ್ಟು, ಅವಳು ಕೈ ಎತ್ತಿ ತಾನೇ ಕಟ್ಟಿಕೊಳ್ಳುವವರೆಗೂ ತೊಟ್ಟು ನೀರು ಕುಡಿಯದೆ ಕೂತಿದ್ದಳು. ಒಂದೂವರೆ ದಿನ! ಅಮ್ಮ ತೀರಿಕೊಂಡು ಆರು ವರ್ಷವಾಯಿತು. ಆ ಒಣಗಿದ ತುಟಿ ಇನ್ನೂ ಉಮಾಳ ಕಣ್ಣಿಗೆ ಕಟ್ಟಿದ ಹಾಗಿದೆ.

ಅವತ್ತಿನಿಂದ, ಮೈಮೇಲಿನದನ್ನು ಬಿಚ್ಚಿ ಎಂದು ಯಾರಾದರೂ ಹೇಳಬಹುದಾದ ಬಾಗಿಲನ್ನೇ ಅವಳು ಹಾಯುತ್ತಿರಲಿಲ್ಲ. ಮೆಟ್ರೋ ಶುರುವಾದಾಗಿನಿಂದ ಒಂದು ದಿನ ಹತ್ತಿಲ್ಲ. ಎಲ್ಲರೂ ಇಪ್ಪತ್ತು ನಿಮಿಷದಲ್ಲಿ ಮೆಜೆಸ್ಟಿಕ್ ತಲುಪಿದರೆ ಇವಳು ಬಸ್ಸಿನಲ್ಲಿ ಗಂಟೆಗಟ್ಟಲೆ ಬೇಯುತ್ತಾಳೆ. ಕೇಳಿದವರಿಗೆಲ್ಲ "ಎಸ್ಕಲೇಟರ್ ಭಯ" ಎಂದಿದ್ದಾಳೆ. ನಿಜವಾದ ಕಾರಣ ಹೇಳಿಕೊಂಡರೆ ಜನ ಏನು ನಗುತ್ತಾರೋ ಎಂಬ ಸಂಕೋಚ. ಭಾಗ್ಯಜ್ಯೋತಿಗೂ ಹೇಳಿರಲಿಲ್ಲ.

ಹೇಳದೆ ಏನು ಮಾಡಿದಳು? ನೆಪ ಹುಡುಕಿದಳು. ಟಿಕೆಟ್ ತೆಗೆಯುವ ದಿನ ಮಂಡಿನೋವು ಬಂತು. ದಿನಾಂಕ ಮುಂದೆ ಹಾಕಿದರೆ ಗಂಡನ ಶುಗರ್ ಏರಿತು. ಮತ್ತೊಂದು ದಿನಾಂಕಕ್ಕೆ ಸರಿಯಾಗಿ ಅಂಜನಾಪುರದಲ್ಲಿ ದೂರದ ನೆಂಟರೊಬ್ಬರ ಗೃಹಪ್ರವೇಶ ಒದಗಿಬಂತು. ಆ ನೆಂಟರ ಮುಖವನ್ನು ಉಮಾ ನೋಡಿ ಹತ್ತು ವರ್ಷವಾಗಿತ್ತು. ಕೊನೆಗೆ ಒಂದು ಸಂಜೆ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದುಕೊಂಡು, "ಜ್ಯೋತಿ, ಈ ಸಲ ಮೈಸೂರಿಗೆ ಹೋಗಿ ಬರೋಣ್ವಾ? ಅದೂ ಚೆನ್ನಾಗಿದೆ" ಅಂದಳು.

ಭಾಗ್ಯಜ್ಯೋತಿ ಲೋಟ ಕೆಳಗಿಟ್ಟಳು. ಜರಗನಹಳ್ಳಿಯ ಹಳೆಯ ಗೌಡರ ಮನೆಯ ಮಗಳು, ದನಿ ಯಾವಾಗಲೂ ಒಂದು ತೂಕ ಜಾಸ್ತಿಯೇ. ಆದರೆ ಅವತ್ತು ಮೆಲ್ಲಗೆ ಮಾತಾಡಿದಳು.

"ಒಂದೇ ರೂಮು ಬುಕ್ ಮಾಡೋಣ ಅಂದಾಗ್ಲಿಂದ ನೀನು ಹಿಂಗಾಡ್ತಿದೀಯ. ನಾನು ದಡ್ಡಿ ಅಲ್ಲ ಉಮಾ. ಅಲ್ಲಿ ನಾನು ಮೀನು ತಿಂತೀನಿ, ಅದೇ ರೂಮಿಗೆ ಬಂದು ಮಲಗ್ತೀನಿ. ನಾಲ್ಕು ದಿನ ನನ್ನ ಪಕ್ಕ ಇರೋಕೆ ನಿಂಗೆ ಆಗಲ್ಲ. ಅದನ್ನ ನೇರವಾಗಿ ಹೇಳಿದ್ರೆ ಎರಡು ರೂಮು ಮಾಡಿಸ್ತಿದ್ದೆ."

"ಅಯ್ಯೋ, ಹಾಗಲ್ಲ ಕಣೆ..."

"ಮತ್ತೆ ಹೆಂಗೆ?"

ಉಮಾ ಪಟ್ಟಿಯ ನೋಟ್‌ಬುಕ್ಕಿನ ಮೂಲೆ ಮಡಿಸತೊಡಗಿದಳು. ಭಾಗ್ಯಜ್ಯೋತಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್‌ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು. ನೋಟ್‌ಬುಕ್ಕು ಕಾಫಿಯ ಕಟ್ಟೆಯ ಮೇಲೆಯೇ ಉಳಿಯಿತು.

ಮನೆಗೆ ಬಂದರೆ ಉಮಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೀನಿನ ಮಾತು ಸುಳ್ಳು, ಅದು ಅವಳ ಮನಸ್ಸಿಗೆ ಬಂದೇ ಇರಲಿಲ್ಲ. ಆದರೆ ಆ ಸುಳ್ಳು ಎಲ್ಲಿಂದ ಹುಟ್ಟಿತು ಎಂದು ಯೋಚಿಸಿದಾಗ ಅವಳಿಗೇ ಇರುಸುಮುರುಸಾಯಿತು. ಸ್ಟಾಫ್ ರೂಮಿನಲ್ಲಿ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಭಾಗ್ಯಜ್ಯೋತಿ ಅಷ್ಟು ವರ್ಷದಲ್ಲಿ ಒಂದು ಮೊಟ್ಟೆಯನ್ನೂ ಡಬ್ಬಿಯಲ್ಲಿ ತಂದವಳಲ್ಲ. ತರಬೇಡ ಎಂದು ಉಮಾ ಒಂದು ದಿನವೂ ಹೇಳಿರಲಿಲ್ಲ. ತಂದರೂ ಪರವಾಗಿಲ್ಲ ಎಂದೂ ಹೇಳಿರಲಿಲ್ಲ. ಜರಗನಹಳ್ಳಿಯ ಮನೆಗೆ ಎಷ್ಟೋ ಸಲ ಹೋಗಿ ಕಾಫಿ ಕುಡಿದಿದ್ದಾಳೆ. ಊಟದ ಹೊತ್ತಾಗುತ್ತಿದ್ದ ಹಾಗೆ ಮಾತ್ರ ಪ್ರತಿ ಸಲವೂ ಏನೋ ಅರ್ಜೆಂಟು ಕೆಲಸ ನೆನಪಾಗಿ ಎದ್ದು ಬಂದಿದ್ದಾಳೆ. ಅದನ್ನೆಲ್ಲ ಜ್ಯೋತಿ ಒಂದೊಂದಾಗಿ ನೋಡುತ್ತಲೇ ಇದ್ದಳು, ನುಂಗಿಕೊಳ್ಳುತ್ತಲೇ ಇದ್ದಳು. ಉಮಾಳಿಗೆ ನಾಚಿಕೆಯಾಯಿತು. ಲಂಕೆ ಹಾಳಾಗಲಿ, ಈ ಗೆಳತಿ ಹೋದರೆ ಇನ್ನೊಬ್ಬಳು ಎಲ್ಲಿಂದ ಬರಬೇಕು?

ಮರುದಿನ ಪೂಜೆ ಮುಗಿಸಿದವಳೇ ಎರಡು ಬಸ್ಸು ಬದಲಾಯಿಸಿ ಜರಗನಹಳ್ಳಿಗೆ ಹೋದಳು. ಭಾಗ್ಯಜ್ಯೋತಿ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಉಮಾ ಎದುರಿಗೆ ನೆಲದ ಮೇಲೆ ಕೂತು, ತಾನೂ ಒಂದು ಹಿಡಿ ಕಾಯಿ ಎಳೆದುಕೊಂಡು, ಸುಲಿಯುತ್ತ ಸುಲಿಯುತ್ತ ಎಲ್ಲ ಹೇಳಿದಳು. ಶ್ವೇತ ಹೇಳಿದ ಟ್ರೇ, ಆಸ್ಪತ್ರೆಯ ಪ್ಲಾಸ್ಟಿಕ್ ಕವರು, ಅಮ್ಮ ಕುಡಿಯದ ನೀರು, ಇಲ್ಲದ ಎಸ್ಕಲೇಟರ್ ಭಯ.

"ಇಷ್ಟೇನಾ?" ಅಂದಳು ಭಾಗ್ಯಜ್ಯೋತಿ.

"ಇಷ್ಟೇ."

"ಇಷ್ಟು ಹೇಳೋಕೆ ನಿಂಗೆ ಮಂಡಿನೋವು ಬೇಕಾಯ್ತಾ? ಪಾಪ ಅಣ್ಣನ ಶುಗರ್ ಬೇರೆ ಏರಿಸಿದೆ!"

ಉಮಾ ನಗಲಿಲ್ಲ. "ನೀನಂದಿದ್ದೂ ಪೂರ್ತಿ ಸುಳ್ಳಲ್ಲ ಜ್ಯೋತಿ. ನಿಮ್ಮನೇಲಿ ನಾನು ಒಂದು ದಿನ ಊಟಕ್ಕೆ ಕೂತಿಲ್ಲ. ಅದು ತಪ್ಪು. ನಂಗೆ ನೆನ್ನೆ ಗೊತ್ತಾಯ್ತು."

ಭಾಗ್ಯಜ್ಯೋತಿಯ ಕಣ್ಣು ತುಂಬಿತು. ಅದನ್ನು ತೋರಗೊಡದೆ ಸಿಪ್ಪೆಯ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಅಲ್ಲಿಂದಲೇ "ಇವತ್ತು ಅವರೆಕಾಳು ಸಾರು, ಮುದ್ದೆ. ಅರ್ಜೆಂಟು ಕೆಲಸ ಇಲ್ದಿದ್ರೆ ಕೂತ್ಕೋ" ಎಂದು ಕೂಗಿದಳು. ಉಮಾ ಕೂತಳು. ಎರಡನೇ ಸಲ ಸಾರು ಹಾಕಿಸಿಕೊಂಡಳು.

ಊಟವಾದ ಮೇಲೆ ಭಾಗ್ಯಜ್ಯೋತಿ ಬೀರುವಿನ ಹಿಂದಿನಿಂದ ಆ ಹಳೆಯ ಬೆತ್ತ ತಂದಳು. ಸೆರಗು ಬಿಗಿದು, ಎದೆ ಸೆಟೆಸಿ, ಬಾಗಿಲಲ್ಲಿ ನಿಂತಳು.

"ಕೈ ಅಗಲ ಮಾಡಿ ಮೇಡಂ." ಬೆತ್ತವನ್ನು ಉಮಾಳ ಮೈಸುತ್ತ ಆಡಿಸಿ, ಕತ್ತಿನ ಹತ್ತಿರ ಬಂದಾಗ ಬಾಯಲ್ಲೇ "ಕುಂಯ್ ಕುಂಯ್" ಎಂದು ಸದ್ದು ಮಾಡಿದಳು. "ಏನಿದು? ತೆಗೀರಿ."

"ಇದು... ಇದು ನಮ್ಮ..."

"ಏನು ತೊದಲ್ತೀಯ? ಲೆಕ್ಕ ತಪ್ಪಿದ ಮಕ್ಕಳಿಗೆ ಎಷ್ಟು ಜೋರು ಮಾಡ್ತಿದ್ದೆ! ಇನ್ನೊಂದ್ಸಲ."

ಐದನೇ ಸಲಕ್ಕೆ ಉಮಾಳ ಬಾಯಲ್ಲಿ ಮಾತು ಕೂತಿತು. "ಇದು ನನ್ನ ಇಷ್ಟಲಿಂಗ. ಬೇರೆಯವರು ಮುಟ್ಟೋ ಹಾಗಿಲ್ಲ. ನನ್ನ ಕೈಯಲ್ಲೇ ಹಿಡ್ಕೊಂಡು ತೋರಿಸ್ತೀನಿ, ಬೇಕಾದ್ರೆ ತೆರೆದೂ ತೋರಿಸ್ತೀನಿ."

"ಅಲ್ಲಿ ಹಿಂದೀಲಿ ಕೇಳಿದ್ರೆ?"

"ಕನ್ನಡದಲ್ಲೇ ಹೇಳ್ತೀನಿ. ಲಿಂಗ ಅಂದ್ರೆ ಯಾರಿಗೆ ಗೊತ್ತಾಗಲ್ಲ?"

"ಭೇಷ್. ನಡಿ, ಜಯನಗರಕ್ಕೆ ಹೋಗಿ ಟ್ರಾಲಿ ಬ್ಯಾಗ್ ನೋಡಿ ಬರೋಣ. ಮೆಟ್ರೋದಲ್ಲಿ."

ಜೆ.ಪಿ. ನಗರ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಉಮಾ ಕಲಿತ ಮಾತನ್ನು ಬಾಯೊಳಗೇ ಮತ್ತೊಮ್ಮೆ ಹೇಳಿಕೊಂಡಳು. ಭಾಗ್ಯಜ್ಯೋತಿ ಮುಂದೆ ಹೋಗಿ ತಪಾಸಣೆಯ ಚೌಕಟ್ಟು ದಾಟಿ ಆ ಕಡೆ ನಿಂತಳು. ಉಮಾ ಬ್ಯಾಗನ್ನು ಮಷೀನಿಗೆ ಕೊಟ್ಟು, ಉಸಿರು ಬಿಗಿಹಿಡಿದು ಕಾಲಿಟ್ಟಳು. ಚೌಕಟ್ಟು ಕೂಗಿತು. ಪರದೆಯ ಪಕ್ಕದಲ್ಲಿ ನಿಂತಿದ್ದ ಸೆಕ್ಯುರಿಟಿಯ ಹೆಂಗಸು ಕೈಯಲ್ಲಿದ್ದ ಕೋಲಿನಂಥದ್ದನ್ನು ಸವರಿದಾಗ ಅದು ಎದೆಯ ಹತ್ತಿರ ಇನ್ನೂ ಜೋರಾಗಿ ಕೂಗಿತು.

"ಏನಿದೆ ಆಂಟಿ ಅಲ್ಲಿ?"

ಉಮಾ ದಾರ ಹಿಡಿದು ಕರಡಿಗೆಯನ್ನು ಹೊರಗೆ ತೆಗೆದು ಅಂಗೈಯಲ್ಲಿ ಹಿಡಿದಳು. "ಇದು ನನ್ನ ಇಷ್ಟಲಿಂಗ. ಬೇರೆಯವರು ಮುಟ್ಟೋ..."

"ಆಯ್ತು ಆಂಟಿ, ಹೋಗಿ ಹೋಗಿ, ಹಿಂದೆ ಕ್ಯೂ ಇದೆ."

ಅಷ್ಟೇ. ವರ್ಷಗಟ್ಟಲೆ ಬಸ್ಸಿನಲ್ಲಿ ಬೆಂದ ಭಯ ಅರ್ಧ ನಿಮಿಷಕ್ಕೆ ಮುಗಿದುಹೋಯಿತು. ಕಂಠಪಾಠ ಮಾಡಿದ ಮಾತನ್ನು ಪೂರ್ತಿ ಹೇಳಲೂ ಬಿಡಲಿಲ್ಲವಲ್ಲ ಎಂದು ಉಮಾಳಿಗೆ ಕೊಂಚ ಬೇಸರವೇ ಆಯಿತು. ಭಾಗ್ಯಜ್ಯೋತಿ ಅಷ್ಟು ಜನರ ಮಧ್ಯೆ ಚಪ್ಪಾಳೆ ತಟ್ಟಿದಳು.

ಮೇಲೆ ಪ್ಲಾಟ್‌ಫಾರಂನ ಬೆಂಚಿನಲ್ಲಿ ಕೂತಾಗ ಉಮಾಳಿಗೆ ಉಸಿರು ಹತೋಟಿಗೆ ಬಂತು. ರೈಲಿಗೆ ಇನ್ನೂ ನಾಲ್ಕು ನಿಮಿಷವಿತ್ತು.

"ಏರ್‌ಪೋರ್ಟಲ್ಲಿ ಇಷ್ಟು ಸಲೀಸಾಗಿ ಬಿಡ್ತಾರೋ ಇಲ್ವೋ ಜ್ಯೋತಿ. ಟ್ರೇಗೆ ಹಾಕ್ಲೇಬೇಕು ಅಂದ್ರೆ?"

"ಅಂದ್ರೆ ವಾಪಸ್ ಬರೋಣ. ಮೈಸೂರಿಗೇ ಹೋಗೋಣ" ಅಂದಳು ಭಾಗ್ಯಜ್ಯೋತಿ. ತಮಾಷೆಗೆ ಹೇಳಿದ್ದಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಇಪ್ಪತ್ತಾರು ವರ್ಷ ಚುಚ್ಚಿದ ಲಂಕೆಯನ್ನು ಅವಳು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿದ್ದಳು.

ಉಮಾ ಕರಡಿಗೆಯನ್ನು ಸೀರೆಯ ಮೇಲಿನಿಂದಲೇ ಒತ್ತಿ ಹಿಡಿದುಕೊಂಡಳು.

"ವಾಪಸ್ ಬೇಡ. ಇವತ್ತಿನ ಹಾಗೇ ನೀನು ಮುಂಚೆ ಹೋಗಿ ಆ ಕಡೆ ನಿಂತ್ಕೋ. ಟ್ರೇ ಆಚೆ ಬಂದ ತಕ್ಷಣ ನೀನು ತಗೋ. ನಾನು ಬರೋವರೆಗೂ ನಿನ್ನ ಕೈಯಲ್ಲೇ ಹಿಡ್ಕೊಂಡಿರು."

"ನಾನಾ?"

"ನೀನೇ."

"ಬೇರೆಯವರು ಮುಟ್ಟೋ ಹಾಗಿಲ್ಲ ಅಂತ ಈಗಷ್ಟೇ ಐದು ಸಲ ಹೇಳಿಸಿದೀನಿ ಕಣೆ. ನಿಮ್ಮಮ್ಮ..."

"ಅಮ್ಮನಿಗೆ ನಾನು ಹೇಳ್ಕೋತೀನಿ."

ಭಾಗ್ಯಜ್ಯೋತಿ ಹಳಿಯ ಕಡೆ ನೋಡಿದಳು, ಗಡಿಯಾರ ನೋಡಿದಳು. "ಹೋಗೋಕೆ ಎರಡು ದಿನ ಇರೋ ಹಾಗೆ ಮೀನು ಮಾಂಸ ಬಿಟ್ಟಿರ್ತೀನಿ ಬಿಡು" ಅಂದಳು, ಅಪರೂಪಕ್ಕೆ ಸಣ್ಣ ದನಿಯಲ್ಲಿ.

"ಏನೂ ಬಿಡಬೇಡ. ತಿನ್ಕೊಂಡೇ ಬಾ. ಕೈ ನಿಂದು ತಾನೆ, ಸಾಕು."

ರೈಲು ಬಂದು ನಿಂತು ಬಾಗಿಲು ತೆರೆಯಿತು. ಭಾಗ್ಯಜ್ಯೋತಿ ಮಡಿಲಲ್ಲಿ ಎರಡೂ ಅಂಗೈ ಬಿಡಿಸಿ ನೋಡಿಕೊಳ್ಳುತ್ತ ಕೂತೇ ಇದ್ದಳು. ಉಮಾ ಎದ್ದು ಆ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.